ಗಾಳ ಹಾಕುವವರು ಬರೆದಿಡಬೇಕಾದ ಲೆಕ್ಕ
(ಬಾನುಲಿ ಭಾಷಣ)



ಹಾಸನ ಜಿಲ್ಲೆಯ ನಮ್ಮ ಶಾಂತಿಗ್ರಾಮಕ್ಕೆ ಆ ಹೆಸರು ಬಂದದ್ದು ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯಿಂದ ಎಂದು ಊರವರ ನಂಬಿಕೆ. ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡದ್ದು 1131ರಲ್ಲಿ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಉತ್ತರಕ್ಕೆ ಕಲ್ಯಾಣದಲ್ಲಿ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ದೊಡ್ಡ ಸಂಸ್ಕೃತ ಗ್ರಂಥವನ್ನು ರಚಿಸಿದ. ರಾಜ್ಯಭಾರ, ಅಡುಗೆ, ಆನೆ, ಸಂಗೀತ, ಆಟಪಾಟ ಎಲ್ಲವನ್ನೂ ನೂರು ಅಧ್ಯಾಯಗಳಲ್ಲಿ ಹಿಡಿದಿಟ್ಟ ಆ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಭಾಗವಿದೆ. ಗಾಳ ಹಾಕಿ ಮೀನು ಹಿಡಿಯುವ ವಿನೋದವನ್ನು ಕುರಿತದ್ದು. ಯಾವ ಮೀನು ಹೊಳೆಯದು, ಯಾವುದು ಕಡಲಿನದು, ಯಾವುದಕ್ಕೆ ಹುರುಪೆ ಇದೆ, ಯಾವುದಕ್ಕಿಲ್ಲ, ಯಾವುದು ದೊಡ್ಡದು, ಯಾವುದು ಸಣ್ಣದು, ಯಾವ ಮೀನಿಗೆ ಏನು ತಿನ್ನಿಸಬೇಕು, ಗಾಳದ ದಾರಕ್ಕೆ ಯಾವ ನಾರು ಆಗುತ್ತದೆ, ಇಷ್ಟನ್ನೂ ಆತ ಬರೆದಿಟ್ಟಿದ್ದಾನೆ. ಭಾರತದ ಹೆಸರಾಂತ ಮೀನುವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ವಿಜ್ಞಾನಿಗಳ ಗಮನ ಸೆಳೆದರು.

ಒಬ್ಬ ದೊರೆ, ಅದೂ ಕನ್ನಡ ನಾಡಿನ ದೊರೆ, ಗಾಳದ ವಿಷಯಕ್ಕೆ ಇಷ್ಟು ಮರ್ಯಾದೆ ಕೊಟ್ಟ ಎನ್ನುವುದು ನನಗೆ ಬಹಳ ಸಂತೋಷದ ಸಂಗತಿ. ಅದಕ್ಕಿಂತ ಹೆಚ್ಚಿನ ಸಂತೋಷ, ಆತ ಬರೆದ ರೀತಿಯಲ್ಲಿದೆ. ಎಷ್ಟು ಹಿಡಿದೆ ಎಂದು ಬರೆಯುವುದಕ್ಕೆ ಮೊದಲು, ನೀರಿನಲ್ಲಿ ಏನೇನಿದೆ ಎಂದು ಬರೆದ. ಇವತ್ತು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಮಾತೂ ಅದೇ. ದೂರದ ಹೊಳೆಗೆ, ಹಿನ್ನೀರಿಗೆ, ಕೆರೆಗೆ ಗಾಳ ಹೆಗಲಿಗೇರಿಸಿಕೊಂಡು ಹೋಗುವ ನಾವು, ಆ ನೀರಿನ ಲೆಕ್ಕವನ್ನು ಬರೆದಿಡಬೇಕು. ಯಾಕೆ ಎಂದು ಹೇಳುತ್ತೇನೆ.

ಶಾಂತಿಗ್ರಾಮ ಹೋಬಳಿ ಬಯಲುಸೀಮೆಯ ನೆಲ. ರಾಗಿ ಹೊಲ, ತೆಂಗಿನ ತೋಟ, ಊರಿಗೊಂದು ಕೆರೆ. ಹೊಳೆ ಬೇಕೆಂದರೆ ನಾವು ಹೊರಟೇ ಹೋಗಬೇಕು. ಒಂದು ದಿಕ್ಕಿಗೆ ಗೊರೂರು, ಇನ್ನೊಂದು ದಿಕ್ಕಿಗೆ ಹೊಳೆನರಸೀಪುರ, ಅದನ್ನೂ ದಾಟಿದರೆ ಅರಕಲಗೂಡು ತಾಲ್ಲೂಕಿನ ಕಾವೇರಿ. ಹಾಗಾಗಿ ನಮ್ಮಲ್ಲಿ ಗಾಳ ಹಾಕುವುದೆಂದರೆ ಒಂದು ಪ್ರಯಾಣವೇ. ಹಿಂದಿನ ರಾತ್ರಿಯೇ ಎರೆಹುಳು ಅಗೆದು ತೇವದ ಮಣ್ಣಿನಲ್ಲಿ ಇಡಬೇಕು, ರಾಗಿಹಿಟ್ಟು ಗಟ್ಟಿಯಾಗಿ ಬೇಯಿಸಬೇಕು, ಬುತ್ತಿ ಕಟ್ಟಬೇಕು, ಕತ್ತಲಿರುವಾಗಲೇ ಎದ್ದು ಬಸ್ಸೋ ಬೈಕೋ ಹತ್ತಬೇಕು.

ಮೊದಲು ಕೆರೆಯ ಮಾತು ಮುಗಿಸಿಬಿಡುತ್ತೇನೆ. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಮರಿ ಬಿಟ್ಟು ಸಾಕಿದವರನ್ನು ಕೇಳದೆ ಗಾಳ ಇಳಿಸುವುದು ತಪ್ಪು. ಕೇಳಿದರೆ ಬಹಳ ಮಂದಿ ಬೇಡ ಎನ್ನುವುದಿಲ್ಲ. ಇಂದು ನಮ್ಮ ಕೆರೆಗಳಲ್ಲಿ ಕಾಣುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಸೀಮೆಯಿಂದ ಬಂದ ಮೀನುಗಳು. ಹೀರಾಲಾಲ್ ಚೌಧುರಿಯವರು 1957ರ ಜುಲೈ 10ರಂದು ಹಾರ್ಮೋನು ಚುಚ್ಚಿ ಇಂಥ ಗೆಂಡೆಗಳಿಂದ ಮೊಟ್ಟೆ ಇಡಿಸುವುದರಲ್ಲಿ ಗೆದ್ದ ಮೇಲೆ, ದೇಶದ ಮೂಲೆಮೂಲೆಯ ಕೆರೆಗೂ ಇವುಗಳ ಮರಿ ತಲುಪಿದವು. ನಾವೆಲ್ಲ ಜಿಲೇಬಿ ಎಂದು ಕರೆಯುವ ತಿಲಾಪಿಯಾ ಆಫ್ರಿಕಾದ್ದು, ಭಾರತಕ್ಕೆ ಬಂದದ್ದು 1952ರಲ್ಲಿ. ಇವೆಲ್ಲ ಬಂದು ಎಷ್ಟೋ ಬಡವರ ಊಟಕ್ಕೆ, ಎಷ್ಟೋ ಬೆಸ್ತರ ಮನೆಯ ದುಡಿಮೆಗೆ ಆಧಾರವಾಗಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೊದಲಿನಿಂದ ಇದ್ದ ಕೊರವ, ಚೇಳುಮೀನು, ಹಾವುಮೀನು, ಬಗೆಬಗೆಯ ಸಣ್ಣ ಗೆಂಡೆಗಳು ಯಾವ ಕೆರೆಯಲ್ಲಿ ಉಳಿದಿವೆ, ಯಾವ ಕೆರೆಯಲ್ಲಿ ಇಲ್ಲ ಎಂದು ಯಾರನ್ನು ಕೇಳುವುದು? ಗುತ್ತಿಗೆಯ ಲೆಕ್ಕದಲ್ಲಿ ಮಾರಾಟವಾಗುವ ಮೀನಿನ ತೂಕವಿರುತ್ತದೆ. ಮಾರಾಟವಾಗದ ಬೆರಳುದ್ದದ ಮೀನು ಆ ಪುಸ್ತಕಕ್ಕೆ ಬರುವುದೇ ಇಲ್ಲ. ಹೇಮಾವತಿ ನಾಲೆಯ ನೀರು ಚನ್ನರಾಯಪಟ್ಟಣದ ಕಡೆಯ ಕೆರೆಗಳನ್ನು ಸೇರುವಾಗ ನೀರಿನ ಜೊತೆ ಹೊಳೆಯ ಮೀನೂ ಒಂದಿಷ್ಟು ಬರುತ್ತದೆ. ಅದನ್ನು ಮೊದಲು ಗಮನಿಸುವವನು ದಡದಲ್ಲಿ ಗಾಳ ಹಿಡಿದು ಕೂತವನೇ.

ಇನ್ನು ಹೊಳೆಗೆ ಬರೋಣ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ. ಆ ಮೂಡಿಗೆರೆಯ ತೋಟದಲ್ಲಿ ಕೂತು ಬರೆದ ಪೂರ್ಣಚಂದ್ರ ತೇಜಸ್ವಿಯವರು ಗಾಳದ ದೊಡ್ಡ ಪ್ರೇಮಿ. ದಡದಲ್ಲಿ ಗಂಟೆಗಟ್ಟಲೆ ಕೂತು ನೋಡಿದ್ದೆಲ್ಲ ಅವರ ಬರಹಕ್ಕೆ ಬಂದು, ಕನ್ನಡದ ಎಷ್ಟೋ ಹುಡುಗರು ಮೊದಲ ಸಲ ಮೀನನ್ನು, ಹಕ್ಕಿಯನ್ನು, ಹುಳುವನ್ನು ನಿಂತು ನೋಡಲು ಕಲಿತರು. ಮಲೆನಾಡು ಬಿಟ್ಟು ಸಕಲೇಶಪುರ ದಾಟಿದ ಹೇಮಾವತಿಗೆ ಗೊರೂರಿನ ಹತ್ತಿರ ಯಗಚಿ ಸೇರುತ್ತದೆ. ಅಲ್ಲೇ 1979ರಲ್ಲಿ ಅಣೆಕಟ್ಟು ಮುಗಿಯಿತು. ಮುಂದೆ ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, ಒಟ್ಟು 245 ಕಿಲೋಮೀಟರು ಸಾಗಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ.

ಗೊರೂರಿನ ಹಿನ್ನೀರು ನಮ್ಮ ಜಿಲ್ಲೆಯಲ್ಲಿ ಗಾಳ ಹಾಕುವವರಿಗೆ ಅತ್ಯಂತ ವಿಶಾಲವಾದ ಜಾಗ. ತುಂಬಿದಾಗ ಎಂಟು ಸಾವಿರ ಹೆಕ್ಟೇರಿಗೂ ಹೆಚ್ಚು ನೀರು ಹರಡಿಕೊಳ್ಳುತ್ತದೆ. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿ ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವುದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆದರೆ ಆ ನೀರಿನ ಕೆಳಗೆ ಇಗರ್ಜಿಯೊಂದೇ ಇಲ್ಲ. ಊರುಗಳಿವೆ. ಬೀದಿ, ಕಣ, ಕಲ್ಲಿನ ಬೇಲಿ, ಮಾವಿನ ತೋಪಿನ ಬೊಡ್ಡೆ, ಬಾವಿ ಎಲ್ಲವೂ ಇವೆ. ಮೀನು ಸೇರಿಕೊಳ್ಳುವುದು ಅಂಥ ಕಡೆಗಳಲ್ಲೇ. ಬಟ್ಟಬಯಲಾಗಿದ್ದ ಹೊಲದ ಮೇಲಿನ ನೀರಿನಲ್ಲಿ ಇಡೀ ಹಗಲು ಕೂತರೂ ಬೆಂಡು ಅಲುಗದಿರಬಹುದು. ನಾಲ್ಕು ಮಾರು ಆಚೆ ಹಳೆಯ ಗೋಡೆಯೊಂದು ಮುಳುಗಿದ್ದರೆ ಅಲ್ಲಿ ಬಿಡುವಿಲ್ಲದೆ ಕಚ್ಚುತ್ತದೆ.

ಹಾಗಾದರೆ ಗೋಡೆ ಎಲ್ಲಿತ್ತು ಎಂದು ಹೊಸಬನಿಗೆ ಹೇಗೆ ಗೊತ್ತಾಗಬೇಕು? ನನಗೆ ಹೇಳಿಕೊಟ್ಟವರು ಊರು ಮುಳುಗಿ ಬೇರೆ ಕಡೆ ಮನೆ ಕಟ್ಟಿಕೊಂಡ ಒಬ್ಬ ಹಿರಿಯರು. ದನ ಮೇಯಿಸಿಕೊಂಡು ದಡಕ್ಕೆ ಬರುತ್ತಿದ್ದರು. ನಾನು ಕೂತ ಜಾಗ ನೋಡಿ ಒಂದು ದಿನ ಹತ್ತಿರ ಬಂದು ನಿಂತರು.

“ಅಲ್ ಕೂತ್ರೆ ಏನೂ ಸಿಕ್ಕಾಕಿಲ್ಲ ಮೇಷ್ಟ್ರೆ, ಅದು ನಮ್ಮ ಹುರಳಿ ಹೊಲ. ಅಗಳಿ, ಆ ಒಣಮರ ಕಾಣ್ತೈತಲ್ಲ, ಅದರಿಂದ ಈಚೆಗೆ ನಮ್ ದೊಡ್ಡಪ್ಪಾರ ಬಾವಿ. ಕಲ್ಲು ಕಟ್ಟಿದ್ದು. ಅಲ್ಲಿಗೆ ಬಿಡಿ.”

“ಬಾವಿ ಇನ್ನೂ ಹಂಗೇ ಐತಾ ಯಜಮಾನ್ರೆ?” ಎಂದು ಕೇಳಿದೆ.

“ಬ್ಯಾಸ್ಗೇಲಿ ನೀರು ಇಳಿದಾಗ ಬನ್ನಿ, ತೋರುಸ್ತೀನಿ” ಎಂದರು.

ಬೇಸಿಗೆಯಲ್ಲಿ ಹೋದೆ. ಬಿರುಕುಬಿಟ್ಟ ಕೆಸರಿನ ಮೇಲೆ ನಡೆಸಿಕೊಂಡು ಹೋಗಿ ತೋರಿಸಿದರು. ಇದು ನಮ್ಮ ಮನೆ, ಇದು ಮಾರಿಗುಡಿಯ ಬೀದಿ, ಇಲ್ಲಿ ನಮ್ಮಣ್ಣನ ಕಣ, ಇಲ್ಲಿ ಹುಣಸೆಮರ. ಆಮೇಲೆ ನೀರು ತುಂಬಿದಾಗ ನಾನು ಗಾಳ ಹಾಕಿದ್ದೆಲ್ಲ ಅವರು ತೋರಿಸಿದ ಊರಿನ ಮೇಲೆ. ಹಿನ್ನೀರಿನ ತಳದ ನಕ್ಷೆ ಸರ್ವೆ ಕಚೇರಿಯಲ್ಲಿ ಇರಬಹುದು, ಆದರೆ ಯಾವ ಕಲ್ಲಿನ ಸಂದಿ ಎಷ್ಟು ಆಳ ಎಂಬ ನಕ್ಷೆ ಇರುವುದು ಇಂಥ ಹಿರಿಯರ ನೆನಪಿನಲ್ಲಿ. ಊರು ಬಿಟ್ಟವರ ಮೊದಲ ತಲೆಮಾರು ಈಗ ವಯಸ್ಸಾದವರು. ಗೊರೂರು, ಶೆಟ್ಟಿಹಳ್ಳಿಯ ಕಡೆ ಗಾಳಕ್ಕೆ ಹೋಗುವ ಹುಡುಗರು ಮೊದಲು ಇವರ ಪಕ್ಕ ಕೂತು ಕೇಳಿ ಬರೆದುಕೊಳ್ಳಲಿ ಎನ್ನುವುದು ನನ್ನ ಮೊದಲ ಬೇಡಿಕೆ. ಮೀನಿಗೂ ಅದರಿಂದ ಉಪಯೋಗ, ಊರಿಗೂ ಉಪಯೋಗ.

ದಡದಲ್ಲಿ ಕೂತವನಿಗೆ ಬೆಂಡು ಬಹಳ ಹೇಳುತ್ತದೆ. ನವಿಲುಗರಿಯ ದಂಟಿನ ಬೆಂಡು ಎಲ್ಲಕ್ಕಿಂತ ಸೂಕ್ಷ್ಮ. ಜಿಲೇಬಿ ಬಂದರೆ ಟುಕುಟುಕು ಎಂದು ಬಿಟ್ಟುಬಿಟ್ಟು ಕುಣಿಸುತ್ತದೆ. ಗೆಂಡೆ ಒಮ್ಮೆ ಮುಟ್ಟಿ, ನಿಂತು, ಆಮೇಲೆ ಓರೆಯಾಗಿ ಎಳೆದುಕೊಂಡು ಹೋಗುತ್ತದೆ. ಏಡಿ ಹಿಡಿದರೆ ಬೆಂಡು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ, ಮುಳುಗುವುದಿಲ್ಲ. ಹಾವುಮೀನು ಕಚ್ಚಿದರೆ ದಾರವನ್ನು ಕಲ್ಲಿನ ಸಂದಿಗೆ ಒಯ್ದು ಕೂತುಬಿಡುತ್ತದೆ, ಎಳೆದರೆ ದಾರ ತುಂಡಾಗುತ್ತದೆಯೇ ಹೊರತು ಅದು ಬರುವುದಿಲ್ಲ. ಕೊರವನ ಮಾತು ಬೇರೆ. ಅದು ನೀರಿನ ಮೇಲಕ್ಕೆ ಬಂದು ಗಾಳಿ ಕುಡಿಯುವ ಮೀನು. ಜೊಂಡಿನ ಅಂಚಿನಲ್ಲಿ ಗುಳುಕ್ ಎಂದು ಸದ್ದಾದರೆ ಅಲ್ಲಿ ಕೊರವ ಇದೆ. ಮಳೆಗಾಲದ ಹೊತ್ತಿಗೆ ಅದೇ ಜೊಂಡಿನ ಬಳಿ ಕೆಂಪುಕೆಂಪಗೆ ಸಣ್ಣ ಮರಿಗಳ ಹಿಂಡು ಒಂದೇ ಉಂಡೆಯಾಗಿ ತೇಲುವುದನ್ನು ಕಾಣಬಹುದು. ಕೆಳಗೆ ತಂದೆತಾಯಿ ಎರಡೂ ಕಾವಲಿರುತ್ತವೆ. ಆಗ ಕಪ್ಪೆ ಸಿಕ್ಕಿಸಿ ಗಾಳ ಬಿಟ್ಟರೆ ಅವು ಹಸಿವಿಗಲ್ಲ, ಮರಿ ಕಾಯುವುದಕ್ಕಾಗಿ ಬಂದು ಕಚ್ಚುತ್ತವೆ. ಅದನ್ನು ಹಿಡಿಯುವುದು ಬಹಳ ಸುಲಭ. ದಯಮಾಡಿ ಹಿಡಿಯಬೇಡಿ. ಒಂದು ಮೀನಿನ ಜೊತೆ ಆ ಹಿಂಡಿಗೆ ಹಿಂಡೇ ಬೇರೆ ಮೀನುಗಳ ಬಾಯಿಗೆ ಹೋಗುತ್ತದೆ.

ಅರಕಲಗೂಡಿನ ಕಾವೇರಿಗೆ ಹೋಗುವಾಗ ನನಗೆ ಯಾವಾಗಲೂ ಸ್ವಲ್ಪ ಹೆಚ್ಚಿನ ಉತ್ಸಾಹ. ಕಟ್ಟೇಪುರದ ಹಳೆಯ ಅಣೆಯಿಂದ ನಾಲೆಗಳು ಹೊರಡುತ್ತವೆ. ಕೆಳಗೆ ರಾಮನಾಥಪುರ. ರಾಮೇಶ್ವರ ದೇವಸ್ಥಾನದ ಮುಂದೆ ಹೊಳೆಯಲ್ಲಿರುವ ವಹ್ನಿಪುಷ್ಕರಿಣಿಯಲ್ಲಿ ಮೀನಿಗೆ ಯಾರೂ ಕೈ ಹಚ್ಚುವುದಿಲ್ಲ. ಷಷ್ಠಿ ಜಾತ್ರೆಗೆ ಬಂದವರು, ನಿತ್ಯದ ಭಕ್ತರು ಪುರಿ ಚೆಲ್ಲುತ್ತಾರೆ, ಬೆನ್ನು ತೋರಿಸುತ್ತ ದೊಡ್ಡ ದೊಡ್ಡ ಮೀನು ಮೇಲಕ್ಕೆ ಬರುತ್ತವೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಇರುವ ಹಾಗೆಯೇ ಇಲ್ಲಿಯೂ ದೇವರ ಹೆಸರಿನಲ್ಲಿ ಒಂದು ತುಂಡು ಹೊಳೆ ಉಳಿದುಕೊಂಡಿದೆ. ಶಿಶಿಲದಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಮೀನಿನ ಮಾರಣಹೋಮ ಆದಾಗ ಊರವರು ಆ ಮೀನುಗಳಿಗೆ ಒಂದು ಸ್ಮಾರಕವನ್ನೇ ಕಟ್ಟಿದರು. ಇಂಥ ಜನ ಇರುವ ನಾಡು ಇದು. ರಾಮನಾಥಪುರದಲ್ಲಿ ಗಾಳ ಹಾಕಬಾರದು, ಆದರೆ ಗಾಳ ಹಾಕುವವನು ಅಲ್ಲಿಗೆ ಹೋಗಲೇಬೇಕು. ಮಹಸೀರ್ ಜಾತಿಯ ಮೀನು ಎಷ್ಟು ದೊಡ್ಡದಾಗಬಲ್ಲದು, ನೀರಿನಲ್ಲಿ ಹೇಗೆ ತಿರುಗುತ್ತದೆ ಎಂದು ಕಣ್ಣಾರೆ ನೋಡಿ ಕಲಿಯಲು ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಈ ಮಹಸೀರ್, ಕಾವೇರಿಯ ಜನ ಬಿಳಿಮೀನು ಎನ್ನುವ ಮೀನು, ಲೋಕಪ್ರಸಿದ್ಧ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷರೊಬ್ಬರು 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಹೊರತಂದರು. ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ ಆ ಹೆಸರಾಂತ ಪುಸ್ತಕ ಮೊದಲು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಎಂದರೆ 54 ಕಿಲೋಗಿಂತ ಹೆಚ್ಚು ತೂಕದ ಮಹಸೀರ್ ಹಿಡಿದರು. ಗಾಳದಲ್ಲಿ ಹಿಡಿದ ಮಹಸೀರಿನ ದಾಖಲೆಯಾಗಿ ಇಂದಿಗೂ ಹೇಳುವುದು ಅದನ್ನೇ. 1970ರ ದಶಕದ ಕೊನೆಯಲ್ಲಿ ಮತ್ತೆ ಹೊರದೇಶದವರು ಕಾವೇರಿಗೆ ಬಂದರು. ಮುಂದೆ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಗಾಳದ ಶಿಬಿರಗಳು ನಡೆದವು. ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು, ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮವಾಗಿತ್ತು. ಅವರು ಕೊಕ್ಕೆಗೆ ಸಿಕ್ಕಿಸುತ್ತಿದ್ದದ್ದು ಏನೆಂದು ಕೇಳಿದರೆ ನಮ್ಮವರಿಗೆ ಹೆಮ್ಮೆಯಾಗಬೇಕು: ರಾಗಿ. ಗಟ್ಟಿಯಾಗಿ ಬೇಯಿಸಿ ನಾದಿದ ರಾಗಿಮುದ್ದೆಯ ಉಂಡೆಯಷ್ಟು ಆ ಮೀನಿಗೆ ಪ್ರಿಯವಾದದ್ದು ಇನ್ನೊಂದಿಲ್ಲ ಎಂದು ಹರಿಗೋಲಿನವರು, ದಡದ ಊರಿನ ಜನ ಬಲ್ಲವರಾಗಿದ್ದರು. ಸಾವಿರಾರು ಮೈಲಿಯಿಂದ ಬಂದವರು ಅವರ ಕೈಕೆಳಗೆ ಕಲಿತರು.

ಈಗ ನಾನು ಹೇಳಬೇಕಾದ ಮುಖ್ಯ ಸಂಗತಿ. ಗಾಲಿಬೋರೆಯ ಶಿಬಿರದಲ್ಲಿ ಒಂದು ಪುಸ್ತಕ ಇಡುತ್ತಿದ್ದರು. ಯಾರು ಯಾವ ದಿನ ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು ಬಿತ್ತು, ತೂಕವೆಷ್ಟು, ಇಷ್ಟೇ. ಬರೆದವರಲ್ಲಿ ಯಾರೂ ವಿಜ್ಞಾನಕ್ಕೆಂದು ಬರೆದವರಲ್ಲ. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಎದುರಿಗಿಟ್ಟುಕೊಂಡು ಕೂತರು. 2015ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಓದಿದಾಗ ನನ್ನ ಎದೆ ಝಲ್ಲೆಂದಿತು.

ಕಾವೇರಿಯಲ್ಲಿ ಎರಡು ಬಗೆಯ ಮಹಸೀರ್ ಇತ್ತು. ಒಂದು ಬೆನ್ನು ಗೂನಾಗಿ, ಈಜುರೆಕ್ಕೆ ಕಿತ್ತಳೆ ಬಣ್ಣವಾಗಿರುವುದು. ಇದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಪ್ರಪಂಚದ ಇನ್ನಾವ ಹೊಳೆಯಲ್ಲೂ ಇಲ್ಲದ್ದು, ಐವತ್ತು ಕಿಲೋ ದಾಟುತ್ತಿದ್ದದ್ದು ಇದೇ. ಇನ್ನೊಂದು ನೀಲಿ ರೆಕ್ಕೆಯದು, ಮಹಾರಾಷ್ಟ್ರದ ಕಡೆಯಿಂದ ತಂದದ್ದು. 1970ರ ದಶಕದಿಂದ ಲೋಣಾವಳದಲ್ಲಿ ಇದರ ಮರಿ ಮಾಡಿಸುತ್ತಿದ್ದರು. ಮಹಸೀರ್ ಕಡಿಮೆಯಾಗುತ್ತಿದೆ, ಹೊಳೆ ತುಂಬಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಆ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಶಿಬಿರದ ಪುಸ್ತಕದಲ್ಲಿ ನೀಲಿ ರೆಕ್ಕೆಯ ಮೀನಿನ ಸಂಖ್ಯೆ ವರ್ಷ ವರ್ಷ ಏರಿತು. ಗೂನುಬೆನ್ನಿನದು ಇಳಿಯಿತು. ಇಳಿದದ್ದಷ್ಟೇ ಅಲ್ಲ. ಸಿಕ್ಕ ಕೆಲವು ಗೂನುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ದೊಡ್ಡದಾಗಿದ್ದವು.

ಇದನ್ನು ಸ್ವಲ್ಪ ನಿಧಾನಿಸಿ ಯೋಚಿಸಿ. ದಡದಲ್ಲಿ ನಿಂತವನಿಗೆ ದೊಡ್ಡ ಮೀನು ಸಿಕ್ಕಿದರೆ ಸಂತೋಷ. ಹೊಳೆ ಚೆನ್ನಾಗಿದೆ ಎಂದೇ ಅನ್ನಿಸುತ್ತದೆ. ಆದರೆ ಪ್ರತಿವರ್ಷ ದೊಡ್ಡವೇ ಸಿಗುತ್ತ ಚಿಕ್ಕವು ಸಿಗದಿದ್ದರೆ ಅದರ ಅರ್ಥ ಬೇರೆ. ಮರಿ ಆಗುತ್ತಿಲ್ಲ, ಆದವೂ ಬೆಳೆಯುತ್ತಿಲ್ಲ. ಇರುವ ಮುದಿ ಮೀನುಗಳಷ್ಟೇ ಇನ್ನಷ್ಟು ಮುದಿಯಾಗುತ್ತಿವೆ. ಮಕ್ಕಳೆಲ್ಲ ಹೋಗಿ ಅಜ್ಜ ಅಜ್ಜಿಯರಷ್ಟೇ ಉಳಿದ ಊರಿನ ಹಾಗೆ. ಒಬ್ಬ ಗಾಳಗಾರ ತನ್ನೊಬ್ಬನ ನೆನಪಿನಿಂದ ಇದನ್ನು ಕಂಡುಹಿಡಿಯಲು ಸಾಧ್ಯವೇ ಇರಲಿಲ್ಲ, ಯಾಕೆಂದರೆ ನೆನಪಿನಲ್ಲಿ ದೊಡ್ಡ ಮೀನು ಮಾತ್ರ ಉಳಿಯುತ್ತದೆ. ಹದಿನೈದು ವರ್ಷದ ಸಾಲು ಸಾಲು ಬರವಣಿಗೆ ಇದ್ದದ್ದಕ್ಕೆ ಕಂಡಿತು.

ಆಶ್ಚರ್ಯವೆಂದರೆ ನೂರೈವತ್ತು ವರ್ಷ ಗಾಳಗಾರರ ಬಾಯಲ್ಲಿ ಕೊಂಡಾಡಿಸಿಕೊಂಡ ಈ ಗೂನುಬೆನ್ನಿನ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಅಲ್ಲಿಯವರೆಗೆ ನಿಂತಿರಲಿಲ್ಲ. 2018ರಲ್ಲಿ ಅದೇ ವಿಜ್ಞಾನಿಗಳ ತಂಡ ಇದು ‘ಟಾರ್ ರೆಮಾದೇವಿ’ ಎಂದು ತೋರಿಸಿಕೊಟ್ಟಿತು. ಅದೇ ವರ್ಷ ಇದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಗೆ ಸೇರಿತು. ಈಗ ಖಚಿತವಾಗಿ ಉಳಿದಿರುವುದು ಮುಖ್ಯವಾಗಿ ನೀಲಗಿರಿಯ ಬುಡದ ಮೋಯಾರ್ ಹೊಳೆಯಲ್ಲಿ. ಹೊಳೆಯ ನಡುವೆ ಅಣೆಕಟ್ಟು, ತಳದ ಮರಳು ಗರಸು ಎತ್ತಿದ್ದು, ಸಿಡಿಮದ್ದು, ಮೇಲೆ ಈ ಹೊಸ ಮೀನಿನ ಪೈಪೋಟಿ, ಎಲ್ಲ ಒಟ್ಟಾಗಿ ಬಂದು ಬಡಿದವು. ಮಹಸೀರ್ ಮಳೆಗಾಲದ ಹೊಸನೀರಿಗೆ ಮೇಲಕ್ಕೆ ಹತ್ತಿ, ಗರಸಿನ ಮೇಲೆ ಮೊಟ್ಟೆ ಇಡುವ ಮೀನು. ದಾರಿಯೂ ಇಲ್ಲ, ಹಾಸಿಗೆಯೂ ಇಲ್ಲ ಎಂದಾದರೆ ಅದು ಎಲ್ಲಿಗೆ ಹೋಗಬೇಕು?

ವನ್ಯಜೀವಿ ಧಾಮದೊಳಗೆ ಗಾಳ ಹಾಕುವುದು ಸರಿಯಲ್ಲವೆಂದು ಆ ಶಿಬಿರಗಳಲ್ಲಿ ಗಾಳ ನಿಂತಿತು. ಕಾನೂನಿನ ದೃಷ್ಟಿಯಿಂದ ಅದಕ್ಕೆ ಕಾರಣವಿದೆ, ನಾನು ತಕರಾರು ಎತ್ತುವುದಿಲ್ಲ. ಆದರೆ ಗಾಳದ ಜೊತೆ ಆ ಪುಸ್ತಕವೂ ನಿಂತುಹೋದದ್ದು ಮಾತ್ರ ನನಗೆ ನಷ್ಟವೆಂದೇ ಅನ್ನಿಸುತ್ತದೆ. ನಮಗಿಂತ ಮೇಲೆ ಕೊಡಗಿನ ವಾಲ್ನೂರು ಕಡೆ ಕೊಡಗು ವನ್ಯಜೀವಿ ಸಂಘದವರು ಪರವಾನಗಿ ಕೊಟ್ಟು, ಹಿಡಿದು ಬಿಡುವ ನಿಯಮವಿಟ್ಟು, ಕಾವೇರಿಯ ಒಂದು ಭಾಗವನ್ನು ಕಾಯ್ದವರು. ಆ ನೀರೇ ಕುಶಾಲನಗರ ದಾಟಿ ನಮ್ಮ ಅರಕಲಗೂಡಿಗೆ ಬರುವುದು. ಮೇಲಿನವರು ಕಾಯ್ದದ್ದನ್ನು ಕೆಳಗಿನ ನಾವು ಯಾಕೆ ಕಾಯಬಾರದು?

ಹೇಮಾವತಿಯಲ್ಲಿ ಇಂಥ ಪುಸ್ತಕ ಯಾರ ಬಳಿ ಇದೆ? ಗೊರೂರಿನ ಅಣೆ ಕಟ್ಟುವ ಮೊದಲು ಹೊಳೆನರಸೀಪುರದ ಮಡುಗಳಲ್ಲಿ ಯಾವ ಯಾವ ಮೀನು ಎಷ್ಟು ದೊಡ್ಡದು ಸಿಗುತ್ತಿತ್ತು ಎಂದು ಹಳೆಯ ಬೆಸ್ತರನ್ನು ಕೇಳಿದರೆ ಕೈಚಾಚಿ ತೋರಿಸುತ್ತಾರೆ. ಆ ಕೈಚಾಚಿದ್ದೇ ನಮ್ಮಲ್ಲಿರುವ ದಾಖಲೆ. ಕರ್ನಾಟಕದ ರಾಜ್ಯದ ಮೀನು ಎಂದು ಹೆಸರಿಸಿರುವ ಕರ್ನಾಟಿಕ್ ಗೆಂಡೆ ಕಾವೇರಿ ಸೀಮೆಯದು. ನಮ್ಮದೇ ಹೊಳೆಗಳ ಈ ಗೆಂಡೆ ಹೇಮಾವತಿಯ ಶ್ರೀರಾಮದೇವರ ಕಟ್ಟೆಯ ಕೆಳಗೆ ಇವತ್ತು ಎಷ್ಟಿದೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವು.

ಲೆಕ್ಕದ ಜೊತೆಗೆ ನೀರಿನ ಕಾವಲೂ ನಮ್ಮದೇ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಕಾಲದಲ್ಲಿ ಪಲ್ಪಿಂಗ್ ನೀರನ್ನು ಶುದ್ಧಿ ಮಾಡದೆ ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿ ಮೀನಿಗೆ ಉಸಿರು ಕಟ್ಟುತ್ತದೆ. ಅದನ್ನು ಮೊದಲು ಕಾಣುವವನು ಯಾರು? ತೋಟೆ ಹೊಡೆಯುವವರು, ಬ್ಲೀಚಿಂಗ್ ಪುಡಿ ಸುರಿಯುವವರು, ಲೈನಿನಿಂದ ಕರೆಂಟು ಎಳೆದು ನೀರಿಗೆ ಬಿಡುವವರು ನಮ್ಮ ನಡುವೆಯೇ ಇದ್ದಾರೆ. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧ. ಸದ್ದು ಕೇಳಿದರೂ ಸುಮ್ಮನಿರುವ ಗಾಳಗಾರನನ್ನು ನಾನು ಗಾಳಗಾರ ಎಂದು ಕರೆಯಲಾರೆ. ದೂರು ಕೊಡಿ. ಕೊಡಲು ಹೆದರಿಕೆಯಾದರೆ ನಾಲ್ಕು ಜನ ಸೇರಿ ಕೊಡಿ.

ಮಳೆಗಾಲದ ವಿಷಯ ಒಂದು ಮಾತು. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ ಕೆಂಪಾದಾಗ ಮೀನು ಹಳ್ಳ, ತೋಡು, ಗದ್ದೆಗೆ ಹತ್ತುತ್ತವೆ. ಸಕಲೇಶಪುರ, ಆಲೂರಿನ ಕಡೆ ಹತ್ತುಮೀನು ಹಿಡಿಯುವುದು ಹಿಂದಿನಿಂದ ಬಂದ ರೂಢಿ. ರಾತ್ರಿ ದೀಪ ಹಿಡಿದು, ಕೂಣಿ ಇಟ್ಟು ಹಿಡಿಯುವ ಸಂಭ್ರಮ ನನಗೂ ಗೊತ್ತು. ಆದರೆ ಹತ್ತುವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ. ಅಣೆ, ಚೆಕ್ ಡ್ಯಾಂ, ರಸ್ತೆಯ ಮೋರಿಗಳು ಅದರ ಹಾದಿಯನ್ನು ಈಗಾಗಲೇ ಕಿರಿದು ಮಾಡಿರುವಾಗ, ಉಳಿದ ಹಾದಿಗೂ ನಾವು ಬುಟ್ಟಿ ಒಡ್ಡಬೇಕೇ? ಜೂನ್, ಜುಲೈ, ಆಗಸ್ಟ್ ಗಾಳವನ್ನು ಅಟ್ಟಕ್ಕೆ ಏರಿಸಿಡಿ. ಆ ಹೊತ್ತಿನಲ್ಲಿ ದಡವೂ ಅಪಾಯದ್ದೇ. ಅಣೆಯಿಂದ ನೀರು ಬಿಟ್ಟಾಗ ಕೆಳಗಿನ ಹೊಳೆ ನೋಡುನೋಡುತ್ತಿದ್ದಂತೆ ಏರುತ್ತದೆ. ಹಿನ್ನೀರಿನ ಅಂಚಿನ ಹೂಳು ಮೇಲೆ ಒಣಗಿದಂತೆ ಕಂಡರೂ ಕೆಳಗೆ ಸೊಂಟದವರೆಗೆ ಇಳಿಸಿಕೊಳ್ಳುತ್ತದೆ. ಒಬ್ಬರೇ ಹೋಗಬೇಡಿ, ಆನೆ ಓಡಾಡುವ ಕಡೆ ಕತ್ತಲಾಗುವವರೆಗೆ ಕೂರಬೇಡಿ.

ಪುಸ್ತಕ ಹೇಗೆ ಬರೆಯುವುದು ಎನ್ನುವವರಿಗೆ ಹೇಳುತ್ತೇನೆ. ಶಾಲೆಯ ಮಕ್ಕಳ ಇನ್ನೂರು ಪುಟದ ನೋಟುಬುಕ್ಕು ಸಾಕು. ದಿನ, ಜಾಗ, ನೀರು ತಿಳಿಯೋ ಬಗ್ಗಡವೋ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಕೂತಿದ್ದು, ಕೊಕ್ಕೆಗೆ ಏನು ಸಿಕ್ಕಿಸಿದ್ದು. ಬಿದ್ದ ಪ್ರತಿ ಮೀನಿನ ಊರಿನ ಹೆಸರು, ಉದ್ದ. ಹೆಸರು ಗೊತ್ತಿಲ್ಲದ್ದಕ್ಕೆ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೊ. ಮನೆಗೆ ತಂದದ್ದರ ಹೊಟ್ಟೆಯಲ್ಲಿ ಮೊಟ್ಟೆ ಇತ್ತೇ ಇಲ್ಲವೇ. ಬಿಟ್ಟದ್ದಾದರೆ ಬಿಟ್ಟೆ ಎಂದು. ಮೀನನ್ನು ಬಿಡುವಾಗ ಒಣಗೈಯಲ್ಲಿ ಹಿಡಿಯಬೇಡಿ, ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಹಿಡಿದು ಕೊಕ್ಕೆ ತೆಗೆಯಿರಿ. ಅದು ತಾನಾಗಿ ಬಾಲ ಬೀಸುವವರೆಗೆ ತಾಳಿ. ಏನೂ ಸಿಗದ ದಿನವನ್ನು ತಪ್ಪದೆ ಬರೆಯಿರಿ. ಏನೂ ಸಿಗದ ದಿನಗಳನ್ನು ಬಿಟ್ಟು ಬರೆದ ಲೆಕ್ಕದಿಂದ ಹೊಳೆಯ ಸ್ಥಿತಿ ತಿಳಿಯುವುದೇ ಇಲ್ಲ. ಗಾಲಿಬೋರೆಯ ಪುಸ್ತಕ ಉಪಯೋಗಕ್ಕೆ ಬಂದದ್ದು ಕೂತ ಹೊತ್ತನ್ನೂ ಬರೆದದ್ದರಿಂದ.

ಹೊಳೆನರಸೀಪುರದಲ್ಲಿ ಇಬ್ಬರು, ಗೊರೂರಿನಲ್ಲಿ ನಾಲ್ವರು, ಅರಕಲಗೂಡಿನ ಕಾವೇರಿ ದಡದಲ್ಲಿ ಕೆಲವರು, ಚನ್ನರಾಯಪಟ್ಟಣದ ಕೆರೆಗಳಿಗೆ ಹೋಗುವ ಹುಡುಗರು ಹೀಗೆ ಬರೆದರೆ ಐದು ವರ್ಷದಲ್ಲಿ ನಮ್ಮ ಜಿಲ್ಲೆಯ ನೀರಿನ ಬಗ್ಗೆ ಇವತ್ತು ಯಾರ ಬಳಿಯೂ ಇಲ್ಲದ ಒಂದು ಲೆಕ್ಕ ತಯಾರಾಗುತ್ತದೆ. ಅದರ ಒಂದು ಪ್ರತಿಯನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಕೊಡಿ, ಇನ್ನೊಂದನ್ನು ನಿಮ್ಮೂರ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ. ಮಕ್ಕಳ ಕೈಯಲ್ಲಿ ಅಳತೆಪಟ್ಟಿ ಕೊಟ್ಟು ಕರೆದುಕೊಂಡು ಹೋಗಿ, ಅವರ ಕಣ್ಣು ನಮ್ಮದಕ್ಕಿಂತ ಚುರುಕು.

ದೀಪಾವಳಿ ಕಳೆದು ಹಿಂಗಾರು ನಿಂತ ಮೇಲೆ ಗೊರೂರಿನ ಹಿನ್ನೀರು ತಿಳಿಯಾಗುತ್ತದೆ. ಇಲಾಖೆಯವರನ್ನು, ಪರವಾನಗಿ ಇರುವ ಮೀನುಗಾರರನ್ನು ಕೇಳಿಕೊಂಡು, ಅವರ ಬಲೆ ಇಲ್ಲದ ಕಡೆ ನೋಡಿ ಕೂರಿ. ನೋಟುಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟುಕೊಳ್ಳಿ, ಇಬ್ಬನಿಗೆ ಹಾಳೆ ಬೇಗ ನೆನೆಯುತ್ತದೆ.